ಹೆಸರುಗಳಲ್ಲಿ ನಗೆ ಬಿತ್ತಿದ ರೆನೆ ಗೊಸಿನ್ನಿ

ಆಸ್ಟೆರಿಕ್ಸ್ ಚಿತ್ರಕಥೆಯ ಪುಸ್ತಕವನ್ನು ಮಕ್ಕಳ ಕೈಯಲ್ಲಿ ನಾವು ಕಂಡಿದ್ದೇವೆ. ರೆಕ್ಕೆಯಿರುವ ಶಿರಸ್ತ್ರಾಣ ತೊಟ್ಟ ಗಿಡ್ಡ ವೀರ, ಬೆನ್ನ ಮೇಲೆ ನಿಲುಗಲ್ಲನ್ನು ಹೊತ್ತ ಅವನ ದಢೂತಿ ಗೆಳೆಯ, ಅವರ ಕಾಲಬುಡದಲ್ಲೊಂದು ಪುಟ್ಟ ಬಿಳಿಯ ನಾಯಿ. ಚಿತ್ರ ನೋಡಿ ನಗುವ ನಾವು ಪಾತ್ರಗಳ ಹೆಸರನ್ನು ಮಾತ್ರ ಸುಮ್ಮನೆ ಓದಿ ಮುಂದೆ ಸಾಗುತ್ತೇವೆ. ಆದರೆ ಆ ಕಥೆಗಳ ಅರ್ಧ ನಗೆ ಅಡಗಿರುವುದು ಹೆಸರುಗಳಲ್ಲೇ. ಆ ಹೆಸರುಗಳನ್ನು ಕಟ್ಟಿದ ರೆನೆ ಗೊಸಿನ್ನಿಯವರ ಬಾಳನ್ನು ತಿಳಿದವರಿಗೆ ಆ ನಗೆಯ ಬೆಲೆ ಇನ್ನಷ್ಟು ಹೆಚ್ಚುತ್ತದೆ.

ಗೊಸಿನ್ನಿಯವರು ಹುಟ್ಟಿದ್ದು 1926ರ ಆಗಸ್ಟ್ 14ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಪೋಲೆಂಡಿನ ವಾರ್ಸಾದಿಂದ ಬಂದ ಯೆಹೂದಿ, ರಸಾಯನ ಶಾಸ್ತ್ರದ ಎಂಜಿನಿಯರ್. ತಾಯಿ ಉಕ್ರೇನಿನ ಯೆಹೂದಿ ಮನೆತನದವರು. ತಾಯಿಯ ತಂದೆ ಪ್ಯಾರಿಸಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದರು. ಪೋಲಿಷ್ ಭಾಷೆಯಲ್ಲಿ ಗೊಸಿನ್ನಿ ಎಂಬ ಶಬ್ದಕ್ಕೆ ಅತಿಥಿಗಳನ್ನು ಆದರಿಸುವವನು ಎಂದು ಅರ್ಥ. ಆದರೆ ಆ ಹೆಸರನ್ನು ಹೊತ್ತವರು ತಮ್ಮ ಬಾಳಿನ ಮೊದಲರ್ಧವನ್ನು ಪರರ ನಾಡುಗಳಲ್ಲಿ ತಾವೇ ಅತಿಥಿಯಾಗಿ ಕಳೆಯಬೇಕಾಯಿತು.

ಮಗುವಿಗೆ ಎರಡು ವರ್ಷವಾಗುವಷ್ಟರಲ್ಲಿ ತಂದೆಯ ಉದ್ಯೋಗದ ನಿಮಿತ್ತ ಕುಟುಂಬವು ಅರ್ಜೆಂಟೀನಾದ ಬ್ಯೂನಸ್ ಐರಿಸಿಗೆ ಹೋಯಿತು. ಅಲ್ಲಿ ಬೀದಿಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಎಲ್ಲೆಲ್ಲೂ ಸ್ಪ್ಯಾನಿಷ್. ರೆನೆಯನ್ನು ಸೇರಿಸಿದ್ದು ಮಾತ್ರ ಫ್ರೆಂಚ್ ಶಾಲೆಗೆ. ಫ್ರಾನ್ಸಿನಿಂದ ಸಾವಿರಾರು ಮೈಲು ದೂರದ ಆ ಶಾಲೆಯಲ್ಲಿ ಹುಡುಗ ಫ್ರೆಂಚ್ ಇತಿಹಾಸ ಓದಿದ, ಫ್ರೆಂಚ್ ವ್ಯಾಕರಣ ಕಲಿತ. ಓದಿನಲ್ಲಿ ಚುರುಕು, ಸ್ವಭಾವದಲ್ಲಿ ಸಂಕೋಚ. ಆ ಸಂಕೋಚವನ್ನು ಮುಚ್ಚಲೆಂದೋ ಏನೋ, ತರಗತಿಯನ್ನೆಲ್ಲ ನಗಿಸುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದ. ಚಿತ್ರ ಬರೆಯುವ ಹುಚ್ಚೂ ಅಲ್ಲಿಯೇ ಹತ್ತಿತು. ಮುಂದೆ ಫ್ರೆಂಚ್ ನುಡಿಯೊಡನೆ ಅವರಷ್ಟು ಸಲಿಗೆಯಿಂದ ಆಟವಾಡಿದ ಲೇಖಕರು ವಿರಳ. ಆ ಸಲಿಗೆ ಬೆಳೆದದ್ದು ಫ್ರೆಂಚರ ನಾಡಿನಲ್ಲಲ್ಲ, ಪರಭಾಷೆಯ ಊರಿನ ಒಂದು ಶಾಲೆಯಲ್ಲಿ ಎಂಬುದನ್ನು ನಾವು ಗಮನಿಸಬೇಕು.

1943ರ ಡಿಸೆಂಬರಿನಲ್ಲಿ ತಂದೆ ಮಿದುಳಿನ ರಕ್ತಸ್ರಾವದಿಂದ ಹಠಾತ್ತನೆ ತೀರಿಕೊಂಡರು. ಆಗ ರೆನೆಗೆ ಹದಿನೇಳು ವರ್ಷ. ಶಾಲೆ ಮುಗಿಸಿದ ಕೂಡಲೇ ದುಡಿಮೆಗೆ ಇಳಿಯಬೇಕಾಯಿತು. ಹಳೆಯ ಟಯರುಗಳ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದರು, ಬಳಿಕ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರ ಬರೆದರು. ಅದೇ ಕಾಲದಲ್ಲಿ ಯುರೋಪಿನಲ್ಲಿ ನಾಜಿಗಳ ಹಿಂಸಾಶಿಬಿರಗಳು ತಾಯಿಯ ಒಡಹುಟ್ಟಿದವರಲ್ಲಿ ಕೆಲವರನ್ನು ನುಂಗಿದವು. ದೂರದ ಅರ್ಜೆಂಟೀನಾದಲ್ಲಿದ್ದುದರಿಂದ ಈ ಕುಟುಂಬ ಉಳಿಯಿತು.

1945ರಲ್ಲಿ ತಾಯಿ ಮಗ ಇಬ್ಬರೂ ನ್ಯೂಯಾರ್ಕಿನಲ್ಲಿದ್ದ ಸೋದರಮಾವನ ಆಶ್ರಯಕ್ಕೆ ಹೋದರು. ಮರುವರ್ಷ ರೆನೆ ಫ್ರಾನ್ಸಿಗೆ ಬಂದು ಸೈನ್ಯದ ಸೇವೆ ಮುಗಿಸಿದರು. ನ್ಯೂಯಾರ್ಕಿಗೆ ಮರಳಿದ ಮೇಲೆ ಕೆಲಸವಿಲ್ಲ, ಕೈಯಲ್ಲಿ ಹಣವಿಲ್ಲ. ಕೊನೆಗೆ ಚಿಕ್ಕದೊಂದು ಚಿತ್ರಶಾಲೆಯಲ್ಲಿ ಹಾರ್ವಿ ಕುರ್ಟ್ಸ್‌ಮನ್ ಮೊದಲಾದ ಹಾಸ್ಯಚಿತ್ರಕಾರರ ಒಡನಾಟ ದೊರೆಯಿತು. ಲಕ್ಕಿ ಲೂಕ್ ಎಂಬ ಕುದುರೆಸವಾರನ ಕಥೆಗಳನ್ನು ಚಿತ್ರಿಸುತ್ತಿದ್ದ ಬೆಲ್ಜಿಯಮಿನ ಮೋರಿಸರ ಪರಿಚಯವೂ ಅಮೆರಿಕದಲ್ಲೇ ಆಯಿತು. ಮುಂದೆ 1955ರಿಂದ ಜೀವಮಾನ ಪೂರ್ತಿ ಗೊಸಿನ್ನಿಯವರು ಆ ಮಾಲೆಗೆ ಕಥೆ ಬರೆದರು.

1951ರಲ್ಲಿ ಪ್ಯಾರಿಸಿಗೆ ಬಂದಾಗ ಆಲ್ಬೆರ್ ಉದೆರ್ಜೊ ಎಂಬ ತರುಣ ಚಿತ್ರಕಾರರ ಭೇಟಿಯಾಯಿತು. ಇವರು ಇಟಲಿಯಿಂದ ವಲಸೆ ಬಂದವರ ಮಗ. ಹುಟ್ಟುವಾಗ ಎರಡು ಕೈಗಳಲ್ಲೂ ಆರಾರು ಬೆರಳು. ಸಾಲದ್ದಕ್ಕೆ ಬಣ್ಣಗುರುಡು ಬೇರೆ. ಇಬ್ಬರೂ ಜೊತೆಗೂಡಿ ದುಡಿಯತೊಡಗಿದರು. ಆ ಕಾಲದಲ್ಲಿ ಚಿತ್ರಕಥೆ ಬರೆದವನಿಗೆ ಮನ್ನಣೆ ಅಷ್ಟಾಗಿ ಇರಲಿಲ್ಲ. ಅನೇಕ ವೇಳೆ ಅವನ ಹೆಸರನ್ನೂ ಅಚ್ಚು ಹಾಕುತ್ತಿರಲಿಲ್ಲ. ಲೇಖಕರೂ ಚಿತ್ರಕಾರರೂ ಒಟ್ಟಾಗಿ ತಮ್ಮ ಹಕ್ಕು ಕೇಳಬೇಕೆಂದು ಹೊರಟುದಕ್ಕಾಗಿ 1956ರಲ್ಲಿ ಗೊಸಿನ್ನಿಯವರ ಕೆಲಸವೇ ಹೋಯಿತು. ಇತರರಿಗೆ ಹೆಸರಿಟ್ಟು ಪ್ರಸಿದ್ಧನಾಗಲಿದ್ದ ಮನುಷ್ಯ ತನ್ನ ವೃತ್ತಿಯವರ ಹೆಸರಿಗಾಗಿ ಅನ್ನ ಕಳೆದುಕೊಂಡ ಕಥೆ ಇದು. ಆದರೂ ಎದೆಗುಂದದೆ ಗೆಳೆಯರು ಸೇರಿ ಸ್ವಂತ ಸಂಸ್ಥೆ ಕಟ್ಟಿದರು.

1959ರ ಅಕ್ಟೋಬರ್ 29ರಂದು ಪಿಲೋತ್ ಎಂಬ ಹೊಸ ವಾರಪತ್ರಿಕೆ ಹೊರಬಂತು. ಅದಕ್ಕೊಂದು ಅಪ್ಪಟ ಫ್ರೆಂಚ್ ಕಥೆ ಬೇಕಾಗಿತ್ತು. ಮೊದಲು ಯೋಚಿಸಿದ ಹಳೆಯ ನರಿಯ ಕಥೆಯನ್ನು ಆಗಲೇ ಬೇರೊಬ್ಬರು ಚಿತ್ರಿಸಿದ್ದರು. ಪ್ಯಾರಿಸಿನ ಹೊರವಲಯದ ಬೊಬಿನ್ಯಿಯಲ್ಲಿ, ಉದೆರ್ಜೊ ಅವರ ಮನೆಯಲ್ಲಿ ಕುಳಿತು ಇಬ್ಬರೂ ಶಾಲಾಪಾಠದ ಇತಿಹಾಸವನ್ನು ಮೊದಲಿನಿಂದ ಕೆದಕಿದರು. ಫ್ರೆಂಚರ ಪೂರ್ವಜರೆಂದು ಪಠ್ಯಪುಸ್ತಕಗಳು ಹೇಳುವ ಗಾಲರು ಅಲ್ಲಿ ಸಿಕ್ಕಿದರು. ಕ್ರಿ.ಪೂ. 50ರಲ್ಲಿ ಇಡೀ ಗಾಲ್ ದೇಶ ರೋಮಿನ ವಶವಾಗಿದ್ದಾಗ, ನಾಲ್ಕು ರೋಮನ್ ಶಿಬಿರಗಳ ನಡುವೆ ಬಗ್ಗದೆ ಉಳಿದ ಒಂದು ಪುಟ್ಟ ಹಳ್ಳಿಯ ಕಥೆ ಹೀಗೆ ಹುಟ್ಟಿತು. ವಲಸೆ ಬಂದವರ ಮಕ್ಕಳಿಬ್ಬರು ಫ್ರೆಂಚರಿಗೆ ಅವರ ಅಜ್ಜಂದಿರನ್ನು ಕೊಟ್ಟರು!

ಇನ್ನು ಹೆಸರುಗಳ ವಿಚಾರ. ಕ್ರಿ.ಪೂ. 52ರಲ್ಲಿ ಸೀಸರನಿಗೆ ಶರಣಾದ ಗಾಲರ ನಾಯಕ ವೆರ್ಸಿಂಗೆಟೊರಿಕ್ಸ್. ಈ ಹೆಸರಿನ ಕೊನೆಯ ರಿಕ್ಸ್ ಎಂದರೆ ಅರಸ. ಲ್ಯಾಟಿನಿನ ರೆಕ್ಸ್, ಸಂಸ್ಕೃತದ ರಾಜನ್ ಇವೆಲ್ಲ ಒಂದೇ ಬೇರಿನ ಶಬ್ದಗಳು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ನಮ್ಮ ರಾಜನೂ ಅದೇ ಬಳಗದವನು. ಗೊಸಿನ್ನಿಯವರು ಈ ಅರಸು ಬಾಲವನ್ನು ಕತ್ತರಿಸಿ ತಂದು ಊರಿನ ಕಮ್ಮಾರನಿಗೂ ಮೀನು ಮಾರುವವನಿಗೂ ಸಮನಾಗಿ ಅಂಟಿಸಿದರು.

ಆಸ್ಟೆರಿಕ್ಸ್ ಎಂಬುದು ಆಸ್ಟೆರಿಸ್ಕ್ ಶಬ್ದದಿಂದ ಬಂದದ್ದು. ಅಡಿಟಿಪ್ಪಣಿ ಸೂಚಿಸಲು ಅಚ್ಚಿನಲ್ಲಿ ಬಳಸುವ ಪುಟ್ಟ ನಕ್ಷತ್ರ ಅದು. ಅಕಾರಾದಿಯಲ್ಲಿ ಮೊದಲಿಗೆ ನಿಲ್ಲಬೇಕೆಂಬ ಲೆಕ್ಕಾಚಾರವೂ ಅದರಲ್ಲಿತ್ತು. ಕಲ್ಲು ಹೊರುವ ಒಬೆಲಿಕ್ಸನ ಹೆಸರಿನಲ್ಲಿ ಒಬೆಲಿಸ್ಕ್ ಎಂಬ ಶಿಲಾಸ್ತಂಭವಿದೆ. ಅಚ್ಚಿನಲ್ಲಿ ನಕ್ಷತ್ರದ ಬಳಿಕ ಬಳಸುವ ಕಠಾರಿ ಗುರುತಿಗೆ ಓಬೆಲಸ್ ಎಂದೇ ಹೆಸರು. ಮುದ್ರಕರ ಮನೆತನದ ಮೊಮ್ಮಗನ ಇಬ್ಬರು ನಾಯಕರೂ ಹೀಗೆ ಪುಟದ ಮೇಲೆ ಅಕ್ಕಪಕ್ಕದವರು.

ಕಿವಿಗೆ ಕರ್ಕಶವಾಗಿ ಹಾಡುವ ಊರಿನ ಗಾಯಕ ಅಸ್ಯುರಾನ್ಸ್‌ತುರಿಕ್ಸ್. ಎಲ್ಲ ಅಪಾಯಗಳಿಗೂ ವಿಮೆ ಎಂಬುದು ಅದರ ಅರ್ಥ. ಅವನು ಬಾಯಿ ತೆರೆದರೆ ಊರಿಗೇ ಅಪಾಯ ಎಂಬುದನ್ನು ನೆನೆದರೆ ಹೆಸರು ಒಪ್ಪುತ್ತದೆ. ಶಕ್ತಿಯ ಕಷಾಯ ಕಾಸುವ ಪುರೋಹಿತ ಪನೋರಮಿಕ್ಸ್, ವಿಶಾಲ ನೋಟದವನು. ಊರ ನಾಯಕ ಅಬ್ರರಾಕುರ್ಸಿಕ್ಸನ ಹೆಸರಿನಲ್ಲಿ ಮುಷ್ಟಿ ಬಿಗಿದು ಮೇಲೆ ಬೀಳುವ ನುಡಿಗಟ್ಟಿದೆ. ಮುದುಕನ ಹೆಸರಿನಲ್ಲಿ ಮಾನ್ಯ ವಯಸ್ಸು, ಮೀನು ಮಾರುವವನ ಹೆಸರಿನಲ್ಲಿ ಅಕ್ಷರಮಾಲೆಯ ಕ್ರಮ, ಕಮ್ಮಾರನ ಹೆಸರಿನಲ್ಲಿ ತನ್ನಿಂತಾನೇ ನಡೆಯುವ ಯಂತ್ರ. ಪುಟ್ಟ ನಾಯಿಗೆ ಮೊದಲು ಹೆಸರೇ ಇರಲಿಲ್ಲ. ಪತ್ರಿಕೆಯು ಓದುಗರಿಗೆ ಸ್ಪರ್ಧೆ ಇಟ್ಟಾಗ ಇಡೆಫಿಕ್ಸ್, ಅಂದರೆ ತಲೆಯಲ್ಲಿ ನಾಟಿಕೊಂಡ ಹಠದ ಯೋಚನೆ, ಎಂಬ ಹೆಸರು ಬಂತು.

ರೋಮನ್ ಶಿಬಿರಗಳನ್ನೂ ಅವರು ಬಿಡಲಿಲ್ಲ. ಅಕ್ವೇರಿಯಮ್ ಮೀನಿನ ತೊಟ್ಟಿ, ಲೌಡನಮ್ ಅಫೀಮಿನ ಔಷಧ, ಬಾಬಾಓರಮ್ ರಮ್ಮಿನಲ್ಲಿ ನೆನೆಸಿದ ಸಿಹಿ ತಿಂಡಿ, ಪೆತಿಬೋನಮ್ ಗಿಡ್ಡ ಮನುಷ್ಯ. ಬೇರೆ ಜನಾಂಗಗಳಿಗೆ ಬೇರೆ ಬಾಲ. ಗಾಥರ ಹೆಸರು ರಿಕ್ ಎಂದು ಮುಗಿಯಬೇಕು, ಆದ್ದರಿಂದ ಅವರಲ್ಲೊಬ್ಬನ ಹೆಸರು ತೆಲೆಫೆರಿಕ್, ಅಂದರೆ ಬೆಟ್ಟಕ್ಕೆ ಏರುವ ತಂತಿಬಂಡಿ!

1969ರಿಂದ ಈ ಪುಸ್ತಕಗಳನ್ನು ಇಂಗ್ಲಿಷಿಗೆ ತಂದ ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಹೆಸರುಗಳನ್ನು ಹಾಗೆಯೇ ಎತ್ತಿಡದೆ ಹೊಸದಾಗಿ ಕಟ್ಟಿದರು. ಗಾಯಕ ಅಪಸ್ವರದ ಕ್ಯಾಕೊಫೋನಿಕ್ಸ್ ಆದ. ಇಡೆಫಿಕ್ಸ್ ಡಾಗ್ಮ್ಯಾಟಿಕ್ಸ್ ಆಯಿತು. ಹಠವೂ ಉಳಿಯಿತು, ನಾಯಿಯೂ ಹೊಕ್ಕಿತು. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಓದುವುದು ಈ ಹೆಸರುಗಳನ್ನೇ.

ಗೊಸಿನ್ನಿಯವರ ಬೇರೆ ಪಾತ್ರಗಳೂ ಇದೇ ಕುಲುಮೆಯವು. ಖಲೀಫನ ಗಾದಿಗೆ ಹೊಂಚು ಹಾಕುವ ದುಷ್ಟ ಮಂತ್ರಿ ಇಜ್ನೊಗುದ್; ಅವನು ಒಳ್ಳೆಯವನಲ್ಲ ಎಂಬ ಇಂಗ್ಲಿಷ್ ಮಾತನ್ನು ಫ್ರೆಂಚರ ಬಾಯಲ್ಲಿ ಆಡಿಸಿ ನೋಡಿ. ಚಿತ್ರಕಾರ ಸಾಂಪೆಯವರೊಡನೆ ತಂದ ಪುಟ್ಟ ನಿಕೊಲಾ ಎಂಬ ಶಾಲಾಬಾಲಕನ ಹೆಸರು ಮಾತ್ರ ದ್ರಾಕ್ಷಾರಸದ ಅಂಗಡಿಯ ಜಾಹೀರಾತಿನಿಂದ ಬಂದದ್ದು.

1961ರಲ್ಲಿ ಮೊದಲ ಆಸ್ಟೆರಿಕ್ಸ್ ಪುಸ್ತಕವನ್ನು ಅಚ್ಚು ಹಾಕಿದ್ದು ಆರು ಸಾವಿರ ಪ್ರತಿ. ನಾಲ್ಕೇ ವರ್ಷಗಳಲ್ಲಿ, 1965ರ ನವೆಂಬರಿನಲ್ಲಿ, ಫ್ರಾನ್ಸ್ ತನ್ನ ಮೊದಲ ಉಪಗ್ರಹವನ್ನು ಹಾರಿಸಿದಾಗ ಅದಕ್ಕೆ ಆಸ್ಟೆರಿಕ್ಸ್ ಎಂದೇ ಹೆಸರಾಯಿತು. ಕಾಗದದ ನಕ್ಷತ್ರ ಆಕಾಶಕ್ಕೇರಿತು.

1977ರ ನವೆಂಬರ್ 5ರಂದು, ಪ್ಯಾರಿಸಿನಲ್ಲಿ ವೈದ್ಯರ ಬಳಿ ಹೃದಯದ ಪರೀಕ್ಷೆ ನಡೆಯುತ್ತಿದ್ದಾಗಲೇ ಗೊಸಿನ್ನಿಯವರ ಹೃದಯ ನಿಂತಿತು. ವಯಸ್ಸು ಐವತ್ತೊಂದು. ಮಗಳು ಇನ್ನೂ ಚಿಕ್ಕವಳು. ಅವರು ಬರೆದುಕೊಟ್ಟ ಬೆಲ್ಜಿಯಮಿನ ಕಥೆಗೆ ಉದೆರ್ಜೊ ಆಗ ಚಿತ್ರ ಬರೆಯುತ್ತಿದ್ದರು. 1979ರಲ್ಲಿ ಹೊರಬಂದ ಆ ಪುಸ್ತಕದಲ್ಲಿ ಕಥೆ ಅರ್ಧ ದಾಟಿದ ಮೇಲೆ ಆಕಾಶ ಕಪ್ಪಾಗುತ್ತದೆ, ಮಳೆ ಸುರಿಯುತ್ತದೆ. ಗೆಳೆಯನ ಸಾವಿನ ಸುದ್ದಿ ಬಂದ ಮೇಲೆ ಬರೆದ ಚಿತ್ರಗಳವು.

2020ರಲ್ಲಿ ಉದೆರ್ಜೊ ಅವರೂ ತೀರಿಕೊಂಡರು. ಪುಟ್ಟ ಹಳ್ಳಿಯ ಕಥೆ ಇಂದು ನೂರಕ್ಕೂ ಮಿಕ್ಕಿ ಭಾಷೆಗಳಲ್ಲಿದೆ. ಪರಭಾಷೆಯ ಬೀದಿಯಲ್ಲಿ ನಡೆದು ತನ್ನ ನುಡಿಯ ಶಾಲೆಗೆ ಹೋಗುತ್ತಿದ್ದ ಒಬ್ಬ ಹುಡುಗ ಆ ನುಡಿಗೆ ತಂದುಕೊಟ್ಟ ಸಂಪತ್ತಿದು. ಅಂತಹ ಶಾಲೆಗಳಲ್ಲಿ ಪಾಠ ಹೇಳುವ ನಾವು, ಹಿಂದಿನ ಬೆಂಚಿನಲ್ಲಿ ಕುಳಿತು ಗೆಳೆಯರಿಗೆ ಅಡ್ಡಹೆಸರು ಕಟ್ಟುವ ಹುಡುಗನನ್ನು ಗದರಿಸುವ ಮೊದಲು ಒಮ್ಮೆ ಗೊಸಿನ್ನಿಯವರನ್ನು ನೆನೆಯುವುದು ಒಳ್ಳೆಯದು.