ಚರ್ಚಿಲ್‌ರನ್ನು ಕೆಸರಿನಿಂದ ಎತ್ತಿದ ರೈತನ ಕಥೆ ಸುಳ್ಳು. ರೈತನ ಮಗ ಕೊಟ್ಟ ಎಚ್ಚರಿಕೆ ನಿಜ

ಈ ಕಥೆ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಸ್ಕಾಟ್ಲೆಂಡಿನ ಬಡ ರೈತನೊಬ್ಬ ಕೆಸರಿನಲ್ಲಿ ಮುಳುಗುತ್ತಿದ್ದ ಹುಡುಗನನ್ನು ಕಾಪಾಡುತ್ತಾನೆ. ಹುಡುಗನ ಶ್ರೀಮಂತ ತಂದೆ ಋಣ ತೀರಿಸಲು ರೈತನ ಮಗನನ್ನು ಓದಿಸುತ್ತಾನೆ. ಆ ಮಗನೇ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. ಬದುಕಿದ ಹುಡುಗ ವಿನ್‌ಸ್ಟನ್ ಚರ್ಚಿಲ್. ಮುಂದೆ ಚರ್ಚಿಲ್‌ಗೆ ನ್ಯುಮೋನಿಯಾ ಬಂದಾಗ ಅದೇ ಪೆನಿಸಿಲಿನ್ ಮತ್ತೆ ಅವರ ಜೀವ ಉಳಿಸುತ್ತದೆ.

ಓದಲು ಚೆನ್ನಾಗಿದೆ, ಆದರೆ ನಡೆದದ್ದಲ್ಲ. 1943ರ ಡಿಸೆಂಬರ್‌ನಲ್ಲಿ ಚರ್ಚಿಲ್‌ಗೆ ನ್ಯುಮೋನಿಯಾ ಬಂದದ್ದು ನಿಜ. ಡಾಕ್ಟರುಗಳು ಕೊಟ್ಟಿದ್ದು ಸಲ್ಫಾ ಗುಂಪಿನ ಬೇರೆ ಔಷಧ. ಓದಿನ ಖರ್ಚಿನ ಮಾತೂ ಹಾಗೆಯೇ.

ಫ್ಲೆಮಿಂಗ್ ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಡಾರ್ವೆಲ್ ಹತ್ತಿರದ ಒಂದು ರೈತ ಕುಟುಂಬದಲ್ಲಿ. ಅವರಿಗೆ 7 ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಹುಡುಗ ಲಂಡನ್ನಿನಲ್ಲಿ ಡಾಕ್ಟರಾಗಿದ್ದ ಅಣ್ಣನ ಆಸರೆಗೆ ಬಂದ. ಸ್ವಲ್ಪ ಓದಿ, ಹಡಗು ಕಂಪನಿಯೊಂದರಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿ ದುಡಿದ. ತಂದೆಯ ಸಹೋದರರೊಬ್ಬರು ಬಿಟ್ಟುಹೋದ ಹಣದಲ್ಲಿ ಪಾಲು ಬಂತು. ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದ್ದು ಅದರಿಂದ. ಚರ್ಚಿಲ್ ಮನೆತನದ ಹಣ ಇದರಲ್ಲಿ ಎಲ್ಲಿಯೂ ಇಲ್ಲ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಫ್ಲೆಮಿಂಗ್ ಒಂದು ವಿಚಿತ್ರ ಗಮನಿಸಿದರು. ಸೈನಿಕರ ಆಳವಾದ ಗಾಯಗಳಿಗೆ ಸುರಿಯುತ್ತಿದ್ದ ಕ್ರಿಮಿನಾಶಕ ದ್ರಾವಣ ಸಂದುಗಳಲ್ಲಿ ಅಡಗಿದ ರೋಗಾಣುಗಳನ್ನು ಮುಟ್ಟುತ್ತಿರಲಿಲ್ಲ. ಅವುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತಿತ್ತು. ದೇಹಕ್ಕೆ ಕೆಡುಕು ಮಾಡದೆ ರೋಗಾಣುವನ್ನು ಮಾತ್ರ ಕೊಲ್ಲುವ ವಸ್ತು ಬೇಕು ಎಂಬುದು ಅಲ್ಲಿಂದ ಅವರ ತಲೆಯಲ್ಲಿ ಕೂತಿತು.

1928ರ ಸೆಪ್ಟೆಂಬರ್‌ನಲ್ಲಿ ರಜೆ ಮುಗಿಸಿ ಲ್ಯಾಬಿಗೆ ಬಂದಾಗ, ರೋಗಾಣು ಬೆಳೆಸಲು ಇಟ್ಟಿದ್ದ ಗಾಜಿನ ತಟ್ಟೆಗಳಲ್ಲಿ ಒಂದಕ್ಕೆ ಬೂಸ್ಟು ಹಿಡಿದಿತ್ತು. ಬೂಸ್ಟಿನ ಸುತ್ತಮುತ್ತ ರೋಗಾಣುಗಳು ಕರಗಿಹೋಗಿದ್ದವು. ಅವರು ತಟ್ಟೆಯನ್ನು ಎಸೆಯದೆ ನೋಡುತ್ತ ಕೂತರು. ಬೂಸ್ಟಿನಿಂದ ಬಂದ ಆ ರಸಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟರು. (ಇದನ್ನು ಓದಿ ಬೂಸ್ಟು ಹಿಡಿದ ಬ್ರೆಡ್ ತಿನ್ನಬೇಡಿ. ಎಲ್ಲ ಬೂಸ್ಟೂ ಒಂದೇ ಅಲ್ಲ, ಕೆಲವು ವಿಷ ಬಿಡುತ್ತವೆ. ಕಾಣುವ ಭಾಗ ಕಿತ್ತು ಉಳಿದದ್ದನ್ನು ತಿಂದರೂ ಅಪಾಯವೇ, ಇಡೀ ಬ್ರೆಡ್ಡನ್ನೇ ಎಸೆಯಿರಿ.)

ಆದರೆ ಅದನ್ನು ಶುದ್ಧ ಮಾಡಿ ಔಷಧವಾಗಿಸುವುದು ಫ್ಲೆಮಿಂಗ್ ಕೈಲಿ ಆಗಲಿಲ್ಲ. ಆ ಕೆಲಸ ಮಾಡಿದವರು ಆಕ್ಸ್‌ಫರ್ಡ್‌ನ ಫ್ಲೋರಿ, ಚೈನ್, ಹೀಟ್ಲಿ ಮತ್ತು ಅವರ ಸಂಗಡಿಗರು. ಫಾರ್ವರ್ಡ್‌ಗಳಲ್ಲಿ ಇವರ ಹೆಸರು ಬರುವುದೇ ಇಲ್ಲ, ಅದು ಅನ್ಯಾಯ. 1941ರಲ್ಲಿ ಅವರು ಸೋಂಕು ಮೈಯೆಲ್ಲ ಹರಡಿದ್ದ ಒಬ್ಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಕೊಟ್ಟರು. ಜ್ವರ ಇಳಿಯಿತು, ಮನುಷ್ಯ ಊಟ ಮಾಡತೊಡಗಿದ. ಅಷ್ಟರಲ್ಲಿ ಔಷಧ ಖಾಲಿ. ಅವನ ಮೂತ್ರದಿಂದಲೂ ಪೆನಿಸಿಲಿನ್ ತೆಗೆದು ಮತ್ತೆ ಕೊಟ್ಟರು, ಸಾಲಲಿಲ್ಲ. ಸೋಂಕು ಮರಳಿತು, ಆತ ತೀರಿಕೊಂಡ.

1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಬಂತು. ಅಲ್ಲಿ ಭಾಷಣ ಮಾಡುವಾಗ ಫ್ಲೆಮಿಂಗ್ ತಮ್ಮ ಔಷಧವನ್ನು ಹೊಗಳಿ ಸುಮ್ಮನಾಗಲಿಲ್ಲ. ಇದು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವಂತಾದರೆ ತಿಳಿಯದವರು ಕಡಿಮೆ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾರೆ, ಆಗ ರೋಗಾಣುಗಳು ಸಾಯುವ ಬದಲು ಔಷಧಕ್ಕೆ ಬಗ್ಗದಂತಾಗುತ್ತವೆ ಎಂದು ಎಚ್ಚರಿಸಿದರು. ಒಂದು ಕಲ್ಪಿತ ಉದಾಹರಣೆಯನ್ನೂ ಕೊಟ್ಟರು: ಗಂಟಲು ನೋವಿಗೆ ಗಂಡ ತಾನೇ ಸ್ವಲ್ಪ ಪೆನಿಸಿಲಿನ್ ಕೊಂಡು ನುಂಗುತ್ತಾನೆ, ಗಟ್ಟಿಯಾದ ರೋಗಾಣು ಹೆಂಡತಿಗೆ ಹರಡುತ್ತದೆ, ಅವಳಿಗೆ ಔಷಧ ನಾಟುವುದಿಲ್ಲ, ಅವಳು ಸಾಯುತ್ತಾಳೆ. 1955ರ ಮಾರ್ಚ್ 11ರಂದು ಫ್ಲೆಮಿಂಗ್ ತೀರಿಕೊಳ್ಳುವ ಹೊತ್ತಿಗೇ ಆಸ್ಪತ್ರೆಗಳಲ್ಲಿ ಪೆನಿಸಿಲಿನ್‌ಗೆ ಬಗ್ಗದ ರೋಗಾಣುಗಳು ಬಂದಾಗಿತ್ತು.

ನಮ್ಮಲ್ಲಿ ಈಗ ನಡೆಯುತ್ತಿರುವುದು ಅದೇ ಗಂಡನ ಕೆಲಸ. ನೆಗಡಿ ಬಂತು ಎಂದು ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ಕೇಳುತ್ತೇವೆ. ನೆಗಡಿ, ಫ್ಲೂ ಬರುವುದು ವೈರಸ್‌ನಿಂದ. ಆ್ಯಂಟಿಬಯಾಟಿಕ್ ವೈರಸ್ಸಿಗೆ ನಾಟುವುದಿಲ್ಲ. ಮಾತ್ರೆಯ ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಅದನ್ನು ತೆಗೆದುಕೊಳ್ಳುವಂತಿಲ್ಲ. ಎಷ್ಟು ದಿನ ಎಂದು ಹೇಳಿದ್ದಾರೋ ಅಷ್ಟು ದಿನ ತೆಗೆದುಕೊಳ್ಳಿ, ನಡುವೆ ನಿಲ್ಲಿಸಬೇಕೆನಿಸಿದರೆ ಅವರನ್ನೇ ಕೇಳಿ. ಹೋದ ಸಲ ಉಳಿದ ಮಾತ್ರೆ ಡ್ರಾಯರಿನಲ್ಲಿದ್ದರೆ ಅದನ್ನು ಮನೆಯ ಇನ್ನೊಬ್ಬರಿಗೆ ಕೊಡಬೇಡಿ, ಪಕ್ಕದ ಮನೆಯವರು ಕೇಳಿದರೂ ಕೂಡ.