ಗಾಂಧೀಜಿಯವರ ಕೈಬರಹ

1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಸರ್ಕಾರದ ನಿಷೇಧವನ್ನು ಲೆಕ್ಕಿಸದೆ ತ್ರಿವರ್ಣ ಧ್ವಜವನ್ನು ಹಾರಿಸಿದ ಸತ್ಯಾಗ್ರಹಿಗಳಿಗೆ ದಾರಿ ತೋರಿದವರು ಮಹಾತ್ಮ ಗಾಂಧಿಯವರು. ಮಂಡ್ಯ, ಮಳವಳ್ಳಿಗಳ ಹಳ್ಳಿಹಳ್ಳಿಗೂ ಅವರ ಹೆಸರು ಮುಟ್ಟಿತ್ತು. ನಾಡನ್ನೇ ಎಚ್ಚರಿಸಿದ ಅವರ ಲೇಖನಿಯಿಂದ ಮೂಡುತ್ತಿದ್ದ ಅಕ್ಷರಗಳು ಮಾತ್ರ ಅಂದವಾಗಿರಲಿಲ್ಲವೆಂದರೆ ನಂಬುವುದು ಕಷ್ಟ.

ಮೋಹನದಾಸರು 1869ನೆಯ ಇಸವಿ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದರು. ಅವರ ವಿದ್ಯಾಭ್ಯಾಸ ಬಹುಮಟ್ಟಿಗೆ ರಾಜಕೋಟೆಯಲ್ಲಿ ನಡೆಯಿತು. ಅಂದವಾದ ಬರವಣಿಗೆ ವಿದ್ಯೆಗೆ ಅವಶ್ಯಕವಲ್ಲವೆಂಬ ಭಾವನೆ ಅವರ ಎಳೆಯ ಮನಸ್ಸಿನಲ್ಲಿ ಹೇಗೋ ನೆಲೆಯೂರಿತು. 1888ರಲ್ಲಿ ಇಂಗ್ಲೆಂಡಿಗೆ ಹೋಗುವವರೆಗೂ ಅದು ಅಳಿಯಲಿಲ್ಲ.

1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ತೆರಳಿದರು. ಅಲ್ಲಿನ ವಕೀಲರ ಹಾಗೂ ಅಲ್ಲಿಯೇ ಹುಟ್ಟಿ ಓದಿದ ತರುಣರ ಬರಹ ಮುತ್ತು ಪೋಣಿಸಿದಂತಿತ್ತು. ಅದನ್ನು ಕಂಡು ಗಾಂಧೀಜಿ ನಾಚಿದರು. ಕೆಟ್ಟ ಬರಹ ಅಪೂರ್ಣ ಶಿಕ್ಷಣದ ಗುರುತೆಂದು ಅವರಿಗೆ ಮನವರಿಕೆಯಾಯಿತು. ತಿದ್ದಿಕೊಳ್ಳಲು ಯತ್ನಿಸಿದರೂ ಕಾಲ ಮಿಂಚಿತ್ತು. ಎಷ್ಟೋ ಕಠಿಣ ವ್ರತಗಳನ್ನು ಸಾಧಿಸಿದ ಆ ಮಹಾಪುರುಷರಿಗೆ ಬಾಲ್ಯದ ಈ ಅಲಕ್ಷ್ಯವನ್ನು ಸರಿಪಡಿಸಲಾಗಲಿಲ್ಲ!

ತಮಗಾದ ನಷ್ಟ ಇತರರ ಮಕ್ಕಳಿಗೆ ಆಗಬಾರದೆಂದು ಅವರು ಬಹುವಾಗಿ ಚಿಂತಿಸಿದರು. ಮಗುವಿಗೆ ಬರೆಯಲು ಕಲಿಸುವ ಮೊದಲು ಚಿತ್ರ ಬಿಡಿಸಲು ಕಲಿಸಬೇಕೆಂಬುದು ಅವರ ನಿಲುವಾಯಿತು. ಹೂವನ್ನೂ ಹಕ್ಕಿಯನ್ನೂ ನೋಡಿ ಗುರುತಿಸುವಂತೆ ಮಗು ಮೊದಲು ಅಕ್ಷರಗಳನ್ನು ಕಣ್ಣಿನಿಂದ ಗುರುತಿಸಲಿ. ವಸ್ತುಗಳ ಆಕಾರವನ್ನು ಬರೆಯಲು ಕೈ ಪಳಗಿದ ಮೇಲೆ ಅಕ್ಷರ ತಿದ್ದಲಿ. ಆಗ ಬರಹ ತಾನಾಗಿಯೇ ದುಂಡಾಗುವುದೆಂದು ಅವರು ನಂಬಿದ್ದರು. ನಮ್ಮ ಹಳ್ಳಿಗಳ ಅಂಗಳದಲ್ಲಿ ಚುಕ್ಕೆಯಿಟ್ಟು ರಂಗೋಲಿಯ ಎಳೆಗಳನ್ನು ಎಳೆಯುವ ಹುಡುಗಿಯ ಬೆರಳುಗಳನ್ನು ನೋಡಿದವರಿಗೆ ಈ ಮಾತಿನ ಅರ್ಥ ಬೇಗ ಹೊಳೆಯುತ್ತದೆ. ಕನ್ನಡದ ಅಕ್ಷರಗಳೂ ಬಾಗಿ ಬಳುಕುವ ರೇಖೆಗಳೇ ಅಲ್ಲವೇ?

1937ರಲ್ಲಿ ವಾರ್ಧಾದಲ್ಲಿ ಮೂಲ ಶಿಕ್ಷಣದ ವಿಚಾರವಾಗಿ ಸಮ್ಮೇಳನ ನಡೆಯಿತು. ಅನಂತರ ಡಾಕ್ಟರ್ ಜಾಕಿರ್ ಹುಸೇನರ ಸಮಿತಿಯು ಸಿದ್ಧಪಡಿಸಿದ ಪಠ್ಯಕ್ರಮದಲ್ಲಿ ಕೈಕಸುಬು, ಮಾತೃಭಾಷೆಗಳ ಜೊತೆಗೆ ಚಿತ್ರಕಲೆಗೂ ಸ್ಥಾನ ದೊರೆಯಿತು.

ಅಕ್ಷರ ಚೆಲುವಾಗಿಲ್ಲವೆಂದು ಗಾಂಧೀಜಿ ಬರೆಯುವುದನ್ನು ಬಿಡಲಿಲ್ಲ. 1909ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವಾಗ ಹಡಗಿನಲ್ಲಿಯೇ ಕುಳಿತು 'ಹಿಂದ್ ಸ್ವರಾಜ್' ಗ್ರಂಥವನ್ನು ಗುಜರಾತಿ ಭಾಷೆಯಲ್ಲಿ ಹತ್ತು ದಿನಗಳಲ್ಲಿ ಬರೆದು ಮುಗಿಸಿದರು. ಬಲಗೈ ಸೋತಾಗ ಲೇಖನಿಯನ್ನು ಎಡಗೈಗೆ ತೆಗೆದುಕೊಂಡರು. 275 ಪುಟಗಳಲ್ಲಿ ಸುಮಾರು 40 ಪುಟಗಳು ಎಡಗೈಯವು. ಮುಂದೆ ಆ ಹಸ್ತಪ್ರತಿಯು ಅವರ ಕೈಬರಹದಲ್ಲಿಯೇ ಅಚ್ಚಾಯಿತು.