ಥೇಮ್ಸ್ ನದಿಗೆ ಬೀಳಬೇಕಿದ್ದ ಹಸ್ತಪ್ರತಿ: ಆರ್.ಕೆ. ನಾರಾಯಣ್ ಕೈಹಿಡಿದ ನೇರ ಮಾತಿನ ಗೆಳೆಯ

ಮೈಸೂರು: ‘ಮಾಲ್ಗುಡಿ ಡೇಸ್’ ಧಾರಾವಾಹಿ ಗೊತ್ತಿಲ್ಲದವರು ನಮ್ಮ ಕಡೆ ಕಮ್ಮಿ. ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದ್ದು, ಆ ಕಥೆಗಳನ್ನು ಬರೆದವರು ಮೈಸೂರಿನ ಆರ್.ಕೆ. ನಾರಾಯಣ್ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಮಾಲ್ಗುಡಿಯ ಮೊದಲ ಪುಸ್ತಕ ಅಚ್ಚಾಗದೇ ನೀರುಪಾಲಾಗುವುದರಲ್ಲಿತ್ತು, ಅದನ್ನು ಉಳಿಸಿದ್ದು ಇಬ್ಬರು ಗೆಳೆಯರು ಎಂಬ ಕಥೆ ಗೊತ್ತಿರುವವರು ಅಷ್ಟಿಲ್ಲ.

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ಬಾಲ್ಯ ಕಳೆದದ್ದು ಅಲ್ಲೇ, ಅಜ್ಜಿಯ ಮನೆಯಲ್ಲಿ. ತಂದೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದರಿಂದ ಆಮೇಲೆ ಮೈಸೂರೇ ಮನೆಯಾಯಿತು. ಓದಿನಲ್ಲಿ ಹುಡುಗ ಅಂಥ ಚುರುಕೇನಲ್ಲ. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ, ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸುವಷ್ಟರಲ್ಲಿ 1930 ಬಂದಿತ್ತು.

ಚನ್ನಪಟ್ಟಣದಲ್ಲಿ ಮೇಷ್ಟ್ರ ಕೆಲಸವೂ ಸಿಕ್ಕಿತು. ಆದರೆ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಬರೆದೇ ಬದುಕುತ್ತೇನೆ ಎಂದು ವಾಪಸ್ ಬಂದರು. ದೊಡ್ಡ ಸಂಸಾರದ ಮನೆಯಲ್ಲಿ ಸರ್ಕಾರಿ ಕೆಲಸ ಬಿಟ್ಟು ಕಥೆ ಬರೀತೀನಿ ಅಂದರೆ ಏನಾಗಬಹುದು ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ. ಕೆಲಕಾಲ ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ವರದಿಗಾರರಾಗಿದ್ದರು. ಸಂತೇಪೇಟೆ, ಮಾರ್ಕೆಟ್ಟು, ಕೋರ್ಟು ಎಂದು ದಿನವಿಡೀ ಸುತ್ತಿ ಸುದ್ದಿ ಹೆಕ್ಕಿ ಕಳಿಸುತ್ತಿದ್ದರು. ಅಚ್ಚಾದ ಅಂಕಣದ ಉದ್ದ ಅಳೆದು ದುಡ್ಡು ಕೊಡುತ್ತಿದ್ದ ಕಾಲ ಅದು.

ಒಳ್ಳೆ ದಿನ ನೋಡಿ ಶುರುವಾದ ಕಾದಂಬರಿ

1930ರಲ್ಲಿ ಬೆಂಗಳೂರಿನಲ್ಲಿದ್ದಾಗ ಅಜ್ಜಿ ಒಂದು ಒಳ್ಳೆ ದಿನ ನೋಡಿ ಕೊಟ್ಟರು. ಅಂದು ಒಂದು ನೋಟ್‌ಬುಕ್ ತಂದು ನಾರಾಯಣ್ ಬರೆಯಲು ಕೂತರು. ಆಗ ಮನಸ್ಸಿಗೆ ಮೊದಲು ಬಂದದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್. ಅದರ ಹೆಸರೇ ಮಾಲ್ಗುಡಿ. ಸ್ಕೂಲು, ಕ್ರಿಕೆಟ್ಟು, ಅಪ್ಪನ ಭಯ ಇಷ್ಟೇ ಲೋಕವಾಗಿದ್ದ ಸ್ವಾಮಿನಾಥನ್ ಎಂಬ ಹುಡುಗನ ಕಥೆ ಹುಟ್ಟಿದ್ದು ಹೀಗೆ.

ಬರೆದು ಮುಗಿಸಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಹಸ್ತಪ್ರತಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಎಲ್ಲಿ ತಪ್ಪಿದೆ, ಏನು ತಿದ್ದಬೇಕು ಎಂದು ಕೂತು ಹೇಳುವವರು ಬೇಕಿತ್ತು. ಹಾಗೆ ಹೇಳಬಲ್ಲ ಒಬ್ಬ ಕಾದಂಬರಿಕಾರ ಅವರಿಗೆ ಸಿಕ್ಕಿರಲಿಲ್ಲ.

ಮೈಸೂರಿನ ಗೆಳೆಯ ಕಿಟ್ಟು ಪೂರ್ಣ ಆಗ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದರು. ಪುಸ್ತಕಕ್ಕಾಗಿ ಅಲ್ಲಿ ಓಡಾಡುತ್ತಿದ್ದವರು ಅವರೇ. ಬೇಸತ್ತ ನಾರಾಯಣ್ ಅವರಿಗೊಂದು ಕಾಗದ ಬರೆದರು. ಹಸ್ತಪ್ರತಿಗೆ ಒಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಅನ್ನೋದು ಅದರ ಸಾರ.

ಪೂರ್ಣ ಆ ಮಾತು ಕೇಳಲಿಲ್ಲ. ಆಕ್ಸ್‌ಫರ್ಡ್‌ನಲ್ಲೇ ವಾಸವಿದ್ದ ಗ್ರಹಾಂ ಗ್ರೀನ್ ಎಂಬ ಲೇಖಕನಿಗೆ ಹಸ್ತಪ್ರತಿ ಕೊಟ್ಟರು. ಗ್ರೀನ್‌ಗೆ ಆಗಿನ್ನೂ ಮೂವತ್ತರ ಆಸುಪಾಸು. ಕೆಲವು ಕಾದಂಬರಿ ಪ್ರಕಟವಾಗಿ ಹೆಸರು ಬರುತ್ತಿದ್ದ ಹೊತ್ತು. ಮೈಸೂರು ಕಂಡವನಲ್ಲ, ನಾರಾಯಣ್ ಯಾರೋ ಗೊತ್ತಿಲ್ಲ, ಸಂಕೋಚಕ್ಕೆ ಹೊಗಳಬೇಕಾದ ದಾಕ್ಷಿಣ್ಯವೂ ಇಲ್ಲ. ಓದಿದರು, ಮೆಚ್ಚಿದರು, ತಾವೇ ಪ್ರಕಾಶಕರನ್ನು ಒಪ್ಪಿಸಿದರು. 1935ರಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆಯಿಂದ ಪುಸ್ತಕ ಹೊರಬಂತು.

ಹೆಸರಿಗೂ ಕತ್ತರಿ

ಮೆಚ್ಚಿದೆ ಎಂದು ಗ್ರೀನ್ ಅಷ್ಟಕ್ಕೇ ಬಿಡಲಿಲ್ಲ. ಇಂಗ್ಲಿಷ್ ಎಡವಿದ ಕಡೆ ತಿದ್ದಿದರು. ನಾರಾಯಣ್ ಇಟ್ಟಿದ್ದ ‘ಸ್ವಾಮಿ, ದಿ ಟೇಟ್’ ಎಂಬ ಹೆಸರು ಓದುಗರಿಗೆ ಹಿಡಿಸಲ್ಲ ಎಂದು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಸೂಚಿಸಿದರು. ಟೇಟ್ ಅನ್ನೋದು ಇಂಗ್ಲೆಂಡಿನ ಒಬ್ಬ ಬೌಲರ್‌ನ ಹೆಸರು, ಕಥೆಯಲ್ಲಿ ಸ್ವಾಮಿಗೆ ಗೆಳೆಯರು ಇಟ್ಟ ಅಡ್ಡಹೆಸರು. ಲೇಖಕರ ಹೆಸರೂ ಉಳಿಯಲಿಲ್ಲ. ನಾರಾಯಣಸ್ವಾಮಿ ಎಂಬುದು ಅಲ್ಲಿನವರ ಬಾಯಿಗೆ ಉದ್ದವಾಯಿತು ಎಂದು ಆರ್.ಕೆ. ನಾರಾಯಣ್ ಆಯಿತು. ಅಪ್ಪ ಅಮ್ಮ ಇಟ್ಟ ಹೆಸರನ್ನೇ ಮೊಟಕು ಮಾಡು ಅಂದರೆ ಯಾರಿಗಾದರೂ ಸಿಟ್ಟು ಬರಬಹುದು. ನಾರಾಯಣ್ ಒಪ್ಪಿಕೊಂಡರು. ಇವತ್ತು ಜಗತ್ತು ಕರೆಯೋದು ಆ ಹೆಸರಿನಿಂದಲೇ.

ಗ್ರೀನ್ ಮೆಚ್ಚಿದ ಮಾತ್ರಕ್ಕೆ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಗಲಿಲ್ಲ. ವಿಮರ್ಶೆ ಚೆನ್ನಾಗಿ ಬಂತು, ವ್ಯಾಪಾರ ಬಿದ್ದುಹೋಯಿತು. 1937ರ ‘ದಿ ಬ್ಯಾಚಲರ್ ಆಫ್ ಆರ್ಟ್ಸ್’ಗೆ ಬೇರೆ ಪ್ರಕಾಶಕರು, 1938ರ ‘ದಿ ಡಾರ್ಕ್ ರೂಮ್’ಗೆ ಮತ್ತೊಬ್ಬರು. ಮೂರು ಪುಸ್ತಕಕ್ಕೆ ಮೂರು ಬಾಗಿಲು. ಗ್ರೀನ್ ಮಾತ್ರ ಬದಲಾಗಲಿಲ್ಲ. ಮೈಸೂರಿನಿಂದ ಹಸ್ತಪ್ರತಿ ಹಡಗಿನಲ್ಲಿ ಹೋಗುತ್ತಿತ್ತು, ಅಲ್ಲಿಂದ ಅಭಿಪ್ರಾಯ ಬರುತ್ತಿತ್ತು.

1939ರಲ್ಲಿ ದೊಡ್ಡ ಪೆಟ್ಟು ಬಿತ್ತು. ಹೆಂಡತಿ ರಾಜಂ ಟೈಫಾಯಿಡ್‌ನಿಂದ ತೀರಿಕೊಂಡರು. ಪುಟ್ಟ ಮಗಳು ಹೇಮಾ ಕೈಯಲ್ಲಿ. ವರ್ಷಗಟ್ಟಲೆ ಹೊಸ ಕಾದಂಬರಿ ಬರಲಿಲ್ಲ. ಕೊನೆಗೆ ಆ ದುಃಖವೇ ‘ದಿ ಇಂಗ್ಲಿಷ್ ಟೀಚರ್’ ಆಗಿ 1945ರಲ್ಲಿ ಹೊರಬಂದಾಗ, ಅದನ್ನು ಪ್ರಕಟಿಸಿದ ಐರ್ ಅಂಡ್ ಸ್ಪಾಟಿಸ್‌ವುಡ್ ಸಂಸ್ಥೆಯಲ್ಲಿ ನಿರ್ದೇಶಕರಾಗಿದ್ದವರು ಗ್ರೀನ್. 1952ರ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ ಕಾದಂಬರಿಯಲ್ಲಿ ಸಹಕಾರಿ ಬ್ಯಾಂಕಿನ ಎದುರು ಆಲದ ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಲೇವಾದೇವಿ ನಡೆಸುವ ಮಾರ್ಗಯ್ಯ ಬರುತ್ತಾನೆ. ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವವರನ್ನು ಕಂಡವರಿಗೆ ಅವನು ಪರಿಚಿತನೇ.

ರಾಜು ಸಾಯಬೇಕೋ, ಉಳೀಬೇಕೋ?

ಇಬ್ಬರೂ ಮುಖಾಮುಖಿಯಾದದ್ದು 1956ರಲ್ಲಿ, ಲಂಡನ್ನಿನಲ್ಲಿ. ಅಷ್ಟರಲ್ಲಿ ಕಾಗದದ ಗೆಳೆತನಕ್ಕೆ ಇಪ್ಪತ್ತು ವರ್ಷ ದಾಟಿತ್ತು. ಅಮೆರಿಕಕ್ಕೆ ಹೊರಟಿದ್ದ ನಾರಾಯಣ್ ತಲೆಯಲ್ಲಿ ಆಗ ‘ದಿ ಗೈಡ್’ ಕಥೆ ಸುತ್ತುತ್ತಿತ್ತು. ಪ್ರವಾಸಿ ಗೈಡ್ ರಾಜು ಜೈಲಿಗೆ ಹೋಗಿ ಬಂದು, ಹಳ್ಳಿಯವರ ಕಣ್ಣಿಗೆ ಸಾಧುವಾಗಿ, ಮಳೆಗಾಗಿ ಉಪವಾಸ ಕೂರುವ ಕಥೆ. ಕೊನೆಗೆ ಅವನು ಸಾಯಬೇಕೋ ಉಳಿಯಬೇಕೋ ಎಂಬುದೇ ನಾರಾಯಣ್‌ಗೆ ತೀರ್ಮಾನವಾಗಿರಲಿಲ್ಲ. ಗ್ರೀನ್‌ಗೆ ಕಥೆ ಹೇಳಿದರು. ರಾಜು ಸಾಯಲೇಬೇಕು ಎಂದು ಗ್ರೀನ್ ಖಡಾಖಂಡಿತವಾಗಿ ಹೇಳಿದರು. ಒಂದು ಪುಟ ಬರೆಯುವ ಮುಂಚೆಯೇ ನಾಯಕನ ಹಣೆಬರಹ ನಿಂತುಹೋಯಿತು.

ಬರ್ಕ್ಲಿಯಲ್ಲಿ ಕೂತು ಬರೆದ ಆ ಕಾದಂಬರಿ 1958ರಲ್ಲಿ ಬಂತು. 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ತಮಾಷೆಯೆಂದರೆ, ರಾಜು ಸತ್ತ ಎಂದು ಪುಸ್ತಕ ನೇರವಾಗಿ ಎಲ್ಲೂ ಹೇಳುವುದಿಲ್ಲ. ನೀರಿನಲ್ಲಿ ನಿಂತವನು ಕುಸಿಯುತ್ತಾನೆ, ಕಥೆ ಅಲ್ಲಿಗೆ ನಿಲ್ಲುತ್ತದೆ. ಸತ್ತನೋ ಬದುಕಿದನೋ ಎಂದು ಓದುಗರು ಇವತ್ತಿಗೂ ವಾದ ಮಾಡುತ್ತಾರೆ. ಗೆಳೆಯನ ಮಾತು ಕೇಳಿದರು, ಬರವಣಿಗೆ ಮಾತ್ರ ತಮ್ಮದೇ ರೀತಿಯಲ್ಲಿ ಮಾಡಿದರು.

ಎಲ್ಲರ ಸಲಹೆಯನ್ನೂ ಅವರು ಹೀಗೆ ತೆಗೆದುಕೊಳ್ಳಲಿಲ್ಲ. ಅದೇ ಕಥೆ 1965ರಲ್ಲಿ ದೇವ್ ಆನಂದ್ ಹಿಂದಿ ಸಿನಿಮಾ ಆಯಿತು. ಸಿನಿಮಾದವರಿಗೆ ನಾರಾಯಣ್ ಮೈಸೂರು ಸುತ್ತಮುತ್ತಲಿನ ಜಾಗಗಳನ್ನು ಖುದ್ದಾಗಿ ತೋರಿಸಿದ್ದರು. ಅವರು ಹೋಗಿ ರಾಜಸ್ಥಾನದಲ್ಲಿ ಚಿತ್ರೀಕರಿಸಿದರು, ಕಥೆಯನ್ನೂ ಬದಲಾಯಿಸಿದರು. ಸಿನಿಮಾ ಗೆದ್ದಿತು, ನಾರಾಯಣ್‌ಗೆ ಸಮಾಧಾನವಾಗಲಿಲ್ಲ. ಅದರ ಬಗ್ಗೆ ಒಂದು ಪ್ರಬಂಧವನ್ನೇ ಬರೆದು ಆಡಿಕೊಂಡರು. ಗ್ರೀನ್ ಮಾಡಿದ ಬದಲಾವಣೆ ಪುಸ್ತಕ ಇನ್ನೂ ಗಟ್ಟಿಯಾಗಲಿ ಎಂದು. ಸಿನಿಮಾದವರದ್ದು ಟಿಕೆಟ್ ಲೆಕ್ಕ. ಈ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗ್ರೀನ್ 1991ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಸ್ನೇಹ ಮುರಿಯಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚಿನ ಆ ಗೆಳೆತನ ಬಹುಪಾಲು ನಡೆದದ್ದು ಅಂಚೆಯಲ್ಲೇ. ನಾರಾಯಣ್ 2001ರ ಮೇ 13ರಂದು ಚೆನ್ನೈನಲ್ಲಿ ಕೊನೆಯುಸಿರೆಳೆದರು.

ಯಾದವಗಿರಿಯ ಅವರ ಮನೆ 2011ರಲ್ಲಿ ಒಡೆದು ಹೋಗುವುದರಲ್ಲಿತ್ತು. ಜನ ದನಿ ಎತ್ತಿದ್ದರಿಂದ ಉಳಿದು, 2016ರಲ್ಲಿ ಮ್ಯೂಸಿಯಂ ಆಯಿತು. ಊರಿನ ಕಥೆ ಬರೆಯುವ ಆಸೆ ಇರುವ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬಹುದು. ಮಹಡಿಯ ಕಿಟಕಿಗಳ ಕೋಣೆ ತೋರಿಸುವಾಗ, ಕಲ್ಲು ಕಟ್ಟು ಅಂದರೂ ಕಟ್ಟದ ಕಿಟ್ಟು ಪೂರ್ಣ ಅವರ ಹೆಸರನ್ನೂ ಹೇಳಿದರೆ ಚೆನ್ನ.